ಮಯೋಸ್ಟಾಟಿನ್ ತಡೆದರೆ ನನ್ನ ಮಗನ ಕಾಲಿಗೆ ಬಲ ಬರುತ್ತದೆಯೇ?

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ. ಅವನಿಗೆ ಡುಶೆನ್ ಸ್ನಾಯುಕ್ಷಯ ಇದೆ ಎಂದು ಆರನೆಯ ವಯಸ್ಸಿನಲ್ಲಿ ಜೀನ್ ಪರೀಕ್ಷೆಯಿಂದ ಗೊತ್ತಾಯಿತು. ಸ್ಟೀರಾಯ್ಡ್ ಕೊಡುತ್ತಿದ್ದೇವೆ. ಈಗಲೂ ನಡೆಯುತ್ತಾನೆ, ಆದರೆ ಮೆಟ್ಟಿಲು ಹತ್ತಲು ಕಂಬಿ ಹಿಡಿಯಬೇಕು. ಎರಡು ವರ್ಷದ ಹಿಂದೆ ಸಿಕೆ 18,000 ಇತ್ತು, ಈಗ 9,000ಕ್ಕೆ ಇಳಿದಿದೆ. ಇದು ಸುಧಾರಣೆಯೇ? ಮಯೋಸ್ಟಾಟಿನ್ ಎಂಬ ಪ್ರೋಟೀನನ್ನು ತಡೆದರೆ ಸ್ನಾಯು ಎರಡು ಪಟ್ಟು ಬೆಳೆಯುತ್ತದೆ ಎಂದು ಓದಿದೆ. ಅದನ್ನು ರಕ್ತದಲ್ಲಿ ಅಳೆಯಲೂ ಬಹುದಂತೆ. ಮಗನಿಗೆ ಆ ಪರೀಕ್ಷೆ ಮಾಡಿಸಬೇಕೇ? ನನ್ನ ತಮ್ಮ ಜಿಮ್ ಪಕ್ಕದ ಅಂಗಡಿಯಿಂದ ‘ಮಯೋಸ್ಟಾಟಿನ್ ಬ್ಲಾಕರ್’ ಎಂದು ಬರೆದ ಪುಡಿಯ ಡಬ್ಬಿ ತಂದಿದ್ದಾನೆ. ಕೊಡಬಹುದೇ?
— ಪ್ರೌಢಶಾಲಾ ಶಿಕ್ಷಕ, ಹಾಸನ ಜಿಲ್ಲೆ

ಉತ್ತರ: ಮೇಷ್ಟ್ರೇ, ಪುಡಿಯ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಕೊಡಬೇಡಿ. ಈ ಹೆಸರಿನಲ್ಲಿ ಮಾರಾಟವಾದ ಪುಡಿಗಳಲ್ಲಿ ಹೆಸರುವಾಸಿಯಾದದ್ದು ಒಂದು ಬಗೆಯ ಕಂದು ಕಡಲಪಾಚಿ. ಪ್ರಯೋಗಾಲಯದ ನಳಿಕೆಯಲ್ಲಿ ಅದರ ಸಾರ ಮಯೋಸ್ಟಾಟಿನ್‌ಗೆ ಅಂಟಿಕೊಳ್ಳುತ್ತದೆ ಎಂಬ ಒಂದೇ ಎಳೆ ಹಿಡಿದು ವ್ಯಾಪಾರ ಶುರುವಾಯಿತು. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹನ್ನೆರಡು ವಾರ ಭಾರ ಎತ್ತುವ ವ್ಯಾಯಾಮ ಮಾಡಿದ ಗಂಡಸರಿಗೆ ಅದನ್ನು ಕೊಟ್ಟು ನೋಡಿದರು. ಹುಸಿ ಮಾತ್ರೆ ನುಂಗಿದವರಿಗೂ ಇವರಿಗೂ ಬಲದಲ್ಲಾಗಲಿ ಸ್ನಾಯುವಿನ ಗಾತ್ರದಲ್ಲಾಗಲಿ ಹೆಚ್ಚು ಕಡಿಮೆ ಕಾಣಲಿಲ್ಲ. ಡಬ್ಬಿಯಲ್ಲಿ ಬರೀ ಪಾಚಿ ಇದ್ದರೆ ದುಡ್ಡು ಮಾತ್ರ ದಂಡ. ನನಗಿರುವ ಭಯ ಬೇರೆ. ದೇಹದಾರ್ಢ್ಯದ ಪುಡಿಗಳಲ್ಲಿ ಲೇಬಲ್ಲಿನ ಮೇಲೆ ಬರೆಯದ ಹಾರ್ಮೋನುಗಳು ಸಿಕ್ಕಿರುವುದು ಒಂದೆರಡು ಸಲವಲ್ಲ. ನಿಮ್ಮ ಹುಡುಗ ಆಗಲೇ ವೈದ್ಯರು ಅಳೆದು ಕೊಟ್ಟ ಸ್ಟೀರಾಯ್ಡ್ ಮೇಲಿದ್ದಾನೆ. ಅದರ ಮೇಲೆ ಗೊತ್ತಿಲ್ಲದ್ದನ್ನು ಸುರಿಯುವುದು ಬೇಡ.

ಈಗ ಸಿಕೆ. ನೀವು ಈ ಪ್ರಶ್ನೆಯನ್ನು ಮೊದಲು ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಮಯೋಸ್ಟಾಟಿನ್ ಕಥೆಗೆ ಬೇಕಾದ ಕೀಲಿಕೈ ಇದರಲ್ಲೇ ಇದೆ.

ಸಿಕೆ ಎಂದರೆ ಕ್ರಿಯೇಟಿನ್ ಕೈನೇಸ್. ಅದು ಸ್ನಾಯುಕೋಶದ ಒಳಗೆ ಇರಬೇಕಾದದ್ದು, ರಕ್ತದಲ್ಲಿ ಅದಕ್ಕೆ ಕೆಲಸವಿಲ್ಲ. ಆರೋಗ್ಯವಂತರ ರಕ್ತದಲ್ಲಿ ಸಾಮಾನ್ಯವಾಗಿ 200ರ ಆಸುಪಾಸಿನೊಳಗೆ ಇರುತ್ತದೆ. ಡುಶೆನ್ ಇರುವ ಮಕ್ಕಳಲ್ಲಿ ಡಿಸ್ಟ್ರೋಫಿನ್ ಎಂಬ ಪ್ರೋಟೀನು ತಯಾರಾಗುವುದಿಲ್ಲ. ಸ್ನಾಯುಕೋಶದ ಹೊರಪೊರೆಯನ್ನು ಒಳಗಿನ ಹಂದರಕ್ಕೆ ಬಿಗಿದು ಹಿಡಿಯುವುದು ಅದೇ. ಅದಿಲ್ಲದೆ ಪ್ರತಿ ಹೆಜ್ಜೆಗೂ ಪೊರೆ ಅಲ್ಲಲ್ಲಿ ಹರಿದು ಒಳಗಿನ ಸಿಕೆ ಹೊರಗೆ ಸೋರುತ್ತದೆ. ಹರಿದ ಗೋಣಿಚೀಲದಿಂದ ಅಕ್ಕಿ ಸೋರಿದ ಹಾಗೆ. ವರ್ಷ ಕಳೆದಂತೆ ಸೋರುವುದು ಕಡಿಮೆಯಾದರೆ ತೂತು ಮುಚ್ಚಿತು ಎಂದುಕೊಳ್ಳಬಾರದು. ಚೀಲದಲ್ಲಿ ಅಕ್ಕಿಯೇ ಕಡಿಮೆಯಾಗಿರಬಹುದು. ಡುಶೆನ್‌ನಲ್ಲಿ ಸಿಕೆ ಎಳೆಯ ವಯಸ್ಸಿನಲ್ಲಿ ಏರಿ, ಸ್ನಾಯುವಿದ್ದ ಜಾಗದಲ್ಲಿ ಕೊಬ್ಬು ಮತ್ತು ನಾರು ತುಂಬುತ್ತಾ ಬಂದಂತೆ ತಾನೇ ಇಳಿಯುತ್ತದೆ. ಜೊತೆಗೆ, ಹಿಂದಿನ ದಿನ ಮಗ ಅಂಗಳದಲ್ಲಿ ಜಾಸ್ತಿ ಓಡಾಡಿದ್ದರೆ ಅಂಕಿ ಏರುತ್ತದೆ, ಜ್ವರ ಬಂದು ಮಲಗಿದ್ದರೆ ಇಳಿಯುತ್ತದೆ. ಆದ್ದರಿಂದ 18,000 ಇದ್ದದ್ದು 9,000 ಆದುದಕ್ಕೆ ಹಿಗ್ಗಬೇಡಿ, ಕುಗ್ಗಲೂ ಬೇಡಿ. ರೋಗ ಹಿಡಿಯಲು ಸಿಕೆ ಬಹಳ ಒಳ್ಳೆಯ ಪರೀಕ್ಷೆ, ರೋಗ ಎತ್ತ ಸಾಗಿದೆ ಎಂದು ತಿಳಿಯಲು ಕೆಟ್ಟ ಪರೀಕ್ಷೆ.

ಇಲ್ಲಿ ಒಂದು ಮಾತು ಬೇರೆ ತಂದೆತಾಯಿಯರಿಗಾಗಿ. ಲಿವರ್ ಪರೀಕ್ಷೆ ಎಂದು ನಾವು ಬರೆಯುವ ಎಸ್‌ಜಿಒಟಿ, ಎಸ್‌ಜಿಪಿಟಿಗಳು ಸ್ನಾಯುವಿನಲ್ಲೂ ಇವೆ. ಪದೇ ಪದೇ ಬೀಳುವ ಐದು ವರ್ಷದ ಗಂಡುಮಗುವಿನಲ್ಲಿ ಅವು ಏರಿದ್ದನ್ನು ಕಂಡು, ಕಾಮಾಲೆಯೇ ಇಲ್ಲದ ಮಗುವಿಗೆ ವರ್ಷವಿಡೀ ಲಿವರ್ ಟಾನಿಕ್ ಕುಡಿಸಿ ನನ್ನ ಬಳಿ ಬಂದವರಿದ್ದಾರೆ. ಒಂದು ಮಗುವಿನ ಕಡತದಲ್ಲಿ ನಾಲ್ಕು ಲಿವರ್ ಸ್ಕ್ಯಾನ್ ವರದಿಗಳಿದ್ದವು, ಒಂದೂ ಸಿಕೆ ಇರಲಿಲ್ಲ. ಆ ಹುಡುಗ ನೆಲದಿಂದ ಏಳುವಾಗ ಮೊಣಕಾಲು, ಆಮೇಲೆ ತೊಡೆ ಎಂದು ತನ್ನ ಮೈಯನ್ನೇ ಏಣಿ ಮಾಡಿಕೊಂಡು ಹತ್ತುತ್ತಿದ್ದ. ಅದನ್ನು ನೋಡಲು ಯಂತ್ರ ಬೇಕಿರಲಿಲ್ಲ.

ಮಯೋಸ್ಟಾಟಿನ್‌ಗೆ ಬರುತ್ತೇನೆ. ಸಿಕೆ ಸೋರಿ ಬರುವ ವಸ್ತುವಾದರೆ ಇದು ಸ್ನಾಯು ತಾನಾಗಿಯೇ ಬರೆದು ಕಳಿಸುವ ಓಲೆ. ‘ಬೆಳೆದದ್ದು ಸಾಕು, ನಿಲ್ಲು’ ಎಂಬುದೇ ಅದರ ಒಕ್ಕಣೆ.

1997ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸೆ ಜಿನ್ ಲೀ ಮತ್ತು ಅಲೆಕ್ಸಾಂಡ್ರಾ ಮೆಕ್‌ಫೆರಾನ್ ತಂಡದವರು ಇಲಿಗಳಲ್ಲಿ ಅದುವರೆಗೆ ಕೆಲಸ ಗೊತ್ತಿಲ್ಲದ ಒಂದು ಜೀನನ್ನು ಕೆಡಿಸಿದರು. ಹುಟ್ಟಿದ ಇಲಿಗಳ ಭುಜ, ತೊಡೆಗಳು ಉಬ್ಬಿಕೊಂಡವು. ಒಂದೊಂದು ಸ್ನಾಯುವನ್ನೂ ಬಿಡಿಸಿ ತೂಗಿದಾಗ ಸಾಮಾನ್ಯ ಇಲಿಯದಕ್ಕಿಂತ ಎರಡರಿಂದ ಮೂರು ಪಟ್ಟು ಭಾರವಿದ್ದವು. ಆ ಜೀನು ತಯಾರಿಸುವ ಪ್ರೋಟೀನಿಗೆ ಮಯೋಸ್ಟಾಟಿನ್ ಎಂದು ಹೆಸರಿಟ್ಟರು. ಅದೇ ವರ್ಷ ಇನ್ನೊಂದು ಗುಟ್ಟೂ ಬಯಲಾಯಿತು. ಬೆಲ್ಜಿಯನ್ ಬ್ಲೂ ಎಂಬ ದನದ ತಳಿಯಿದೆ. ಅದರ ಹಿಂಭಾಗ ನೋಡಿದರೆ ಚರ್ಮದೊಳಗೆ ಗುಂಡುಕಲ್ಲು ತುಂಬಿದ ಹಾಗಿರುತ್ತದೆ. ಆ ತಳಿಯ ಮಯೋಸ್ಟಾಟಿನ್ ಜೀನಿನಲ್ಲಿ ಹನ್ನೊಂದು ಅಕ್ಷರಗಳು ಬಿಟ್ಟುಹೋಗಿವೆ, ಅಷ್ಟೇ. ಹಳ್ಳಿಕಾರ್ ಹೋರಿಯ ಕಡೆದಿಟ್ಟಂಥ ಮೈ ನೋಡಿ ಬೆಳೆದ ನನಗೆ ಆ ದನದ ಚಿತ್ರ ಕಂಡಾಗ ಮೆಚ್ಚುಗೆಗಿಂತ ಕನಿಕರವೇ ಹೆಚ್ಚು ಬಂತು. ಕರು ಎಷ್ಟು ದಪ್ಪಗಿರುತ್ತದೆಂದರೆ ಆ ತಳಿಯ ಹಸುಗಳಿಗೆ ಬಹುಪಾಲು ಹೆರಿಗೆಯನ್ನು ಹೊಟ್ಟೆ ಕೊಯ್ದೇ ಮಾಡಿಸಬೇಕು.

ಮನುಷ್ಯರಲ್ಲಿ? 2004ರಲ್ಲಿ ಬರ್ಲಿನ್ನಿನ ವೈದ್ಯರು ಒಬ್ಬ ಹುಡುಗನ ಕಥೆಯನ್ನು ಪ್ರಕಟಿಸಿದರು. ಹುಟ್ಟುವಾಗಲೇ ತೊಡೆ, ತೋಳುಗಳಲ್ಲಿ ಸ್ನಾಯು ಎದ್ದು ಕಾಣುತ್ತಿತ್ತು. ನಾಲ್ಕೂವರೆ ವರ್ಷಕ್ಕೆ ಮೂರು ಮೂರು ಕಿಲೋ ತೂಕದ ಎರಡು ಡಂಬೆಲ್‌ಗಳನ್ನು ಕೈಚಾಚಿ ಹಿಡಿದು ನಿಲ್ಲುತ್ತಿದ್ದ. ಅವನ ಮಯೋಸ್ಟಾಟಿನ್ ಜೀನಿನ ಎರಡೂ ಪ್ರತಿಗಳು ಕೆಟ್ಟಿದ್ದವು. ತಾಯಿಯಲ್ಲಿ ಒಂದು ಪ್ರತಿ ಕೆಟ್ಟಿತ್ತು, ಆಕೆ ವೃತ್ತಿಪರ ಓಟಗಾರ್ತಿಯಾಗಿದ್ದವರು. ನೀವು ಓದಿದ ‘ಎರಡು ಪಟ್ಟು’ ಎಂಬ ಮಾತು ಇಂಥ ಕಡೆಯಿಂದಲೇ ಬಂದಿರಬೇಕು. ಅದು ಸುಳ್ಳಲ್ಲ. ಆದರೆ ಇಲಿ, ದನ, ಹುಡುಗ ಮೂವರೂ ತಾಯಿಯ ಗರ್ಭದಿಂದಲೇ ಮಯೋಸ್ಟಾಟಿನ್ ಇಲ್ಲದೆ ಬೆಳೆದವರು, ಮತ್ತು ಮೂವರ ಸ್ನಾಯುವೂ ಮೂಲತಃ ಗಟ್ಟಿಮುಟ್ಟಾದದ್ದು. ಈ ಎರಡು ಸಂಗತಿಗಳನ್ನು ಸ್ವಲ್ಪ ನೆನಪಿಟ್ಟುಕೊಂಡಿರಿ.

ಸ್ನಾಯುಕ್ಷಯದ ಮಗುವಿನ ವೈದ್ಯರಿಗೆ ಈ ಸುದ್ದಿ ಹೇಗೆ ಕೇಳಿಸಿರಬೇಕು ಎಂದು ನೀವೇ ಊಹಿಸಿ. ಡಿಸ್ಟ್ರೋಫಿನ್ ಕೊಡಲು ದಾರಿಯಿಲ್ಲದ ಕಾಲ ಅದು. ಬ್ರೇಕ್ ಬಿಡಿಸಿದರೆ ಗಾಡಿ ಮುಂದೆ ಹೋದೀತು ಎಂಬ ಆಸೆ. 2002ರಲ್ಲಿ ಡುಶೆನ್ ರೋಗದ ಇಲಿಗಳಿಗೆ ಮಯೋಸ್ಟಾಟಿನ್ ವಿರುದ್ಧದ ಪ್ರತಿಕಾಯ (ಆಂಟಿಬಾಡಿ, ಅಂದರೆ ಅದನ್ನು ಹಿಡಿದು ಕಟ್ಟಿಹಾಕುವ ಪ್ರೋಟೀನು) ಚುಚ್ಚಿದಾಗ ಸ್ನಾಯು ದಪ್ಪವಾಯಿತು, ಬಲ ಹೆಚ್ಚಿತು, ರಕ್ತದಲ್ಲಿ ಸಿಕೆಯೂ ಇಳಿಯಿತು. ಅಲ್ಲಿಂದ ಔಷಧ ಕಂಪನಿಗಳು ಸಾಲುಗಟ್ಟಿದವು.

ಆಮೇಲಿನ ಕಥೆ ಬೇಸರದ್ದು, ಬೇಗ ಹೇಳಿ ಮುಗಿಸುತ್ತೇನೆ. ವೈತ್ ಕಂಪನಿಯ ಪ್ರತಿಕಾಯವನ್ನು ಬೇರೆ ಬೇರೆ ಸ್ನಾಯುಕ್ಷಯಗಳಿದ್ದ 116 ವಯಸ್ಕರಿಗೆ ಕೊಟ್ಟು ನೋಡಿದರು. 2008ರಲ್ಲಿ ಬಂದ ಫಲಿತಾಂಶದಲ್ಲಿ ದೊಡ್ಡ ಅಪಾಯವೇನೂ ಕಾಣಲಿಲ್ಲ, ಉಪಯೋಗವೂ ಕಾಣಲಿಲ್ಲ. ಡುಶೆನ್ ಹುಡುಗರಿಗೆ ಕೊಟ್ಟ ಎಸಿಇ-031 ಎಂಬ ಇನ್ನೊಂದು ಔಷಧ ಮಯೋಸ್ಟಾಟಿನ್ ಜೊತೆಗೆ ಅದರ ಬಂಧುಬಳಗವನ್ನೂ ಕಟ್ಟಿಹಾಕುವಂಥದ್ದು. ಮಕ್ಕಳ ಮೂಗು, ಒಸಡುಗಳಲ್ಲಿ ರಕ್ತ ಬಂದು, ಚರ್ಮದ ಮೇಲೆ ಸಣ್ಣ ರಕ್ತನಾಳಗಳು ಹಿಗ್ಗಿ ಕಾಣಿಸಿಕೊಂಡು, 2011ರಲ್ಲಿ ಆ ಪ್ರಯೋಗವನ್ನು ನಿಲ್ಲಿಸಬೇಕಾಯಿತು. ಫೈಜರ್‌ನ ಡೊಮಾಗ್ರೊಜುಮಾಬ್ 2018ರಲ್ಲಿ ನಿಂತಿತು. ನಾಲ್ಕು ಮೆಟ್ಟಿಲು ಹತ್ತಲು ಹಿಡಿಯುವ ಸಮಯವೇ ಅದರ ಮುಖ್ಯ ಅಳತೆಗೋಲಾಗಿತ್ತು, ಅದರಲ್ಲಿ ಹುಸಿ ಔಷಧಕ್ಕಿಂತ ಮೇಲಾಗಲಿಲ್ಲ. ರೋಶ್ ಕಂಪನಿಯ ಔಷಧವೂ ಮುಂದಿನ ವರ್ಷ ಅದೇ ದಾರಿ ಹಿಡಿಯಿತು.

ಇಲಿಯಲ್ಲಿ ಗೆದ್ದದ್ದು ಮನುಷ್ಯನಲ್ಲಿ ಸೋಲುವುದು ನಮಗೆ ಹೊಸದಲ್ಲ. ಆದರೆ ಇಲ್ಲಿ ಸೋಲಿನ ಕಾರಣವನ್ನು ತೋರಿಸಿಕೊಟ್ಟದ್ದು ಅದೇ ಮಯೋಸ್ಟಾಟಿನ್. ಔಷಧದ ಗುರಿಯಾಗಿ ಅಲ್ಲ, ರಕ್ತದಲ್ಲಿ ಅಳೆಯುವ ಸೂಚಕವಾಗಿ.

2017ರಲ್ಲಿ ಸಂಶೋಧಕರ ಒಂದು ತಂಡ ಹಲವು ಬಗೆಯ ನರ ಮತ್ತು ಸ್ನಾಯು ರೋಗಗಳಿದ್ದವರ ರಕ್ತ ಮತ್ತು ಸ್ನಾಯುವಿನ ತುಣುಕುಗಳಲ್ಲಿ ಮಯೋಸ್ಟಾಟಿನ್ ಎಷ್ಟಿದೆ ಎಂದು ನೋಡಿತು. ಸ್ನಾಯು ಕರಗುತ್ತಿದೆ ಎಂದಮೇಲೆ ‘ಬೆಳೆಯಬೇಡ’ ಎನ್ನುವ ಪ್ರೋಟೀನು ಹೆಚ್ಚಿರಬೇಕು ಎಂದು ಯಾರಾದರೂ ಊಹಿಸುತ್ತಾರೆ. ಸಿಕ್ಕಿದ್ದು ತದ್ವಿರುದ್ಧ. ರೋಗಿಗಳಲ್ಲಿ ಮಯೋಸ್ಟಾಟಿನ್ ಕಡಿಮೆಯಿತ್ತು, ಸ್ನಾಯು ಹೆಚ್ಚು ಕರಗಿದ್ದವರಲ್ಲಿ ಇನ್ನೂ ಕಡಿಮೆ. ಸ್ನಾಯುಕೋಶದ ಮೇಲೆ ಅದನ್ನು ಹಿಡಿದುಕೊಳ್ಳುವ ಗ್ರಾಹಕವೂ ಕಡಿಮೆಯಾಗಿತ್ತು. ಬರೆಯುವವನೂ ಇಲ್ಲ, ಓಲೆ ತೆಗೆದುಕೊಳ್ಳುವವನೂ ಇಲ್ಲ.

ಎರಡು ಕಾರಣ ಕೂಡಿ ಹೀಗಾಗುತ್ತದೆ. ಮಯೋಸ್ಟಾಟಿನ್ನಿನ ಬಹುಪಾಲನ್ನು ಮಾಡುವುದೇ ಸ್ನಾಯು, ಆದ್ದರಿಂದ ಸ್ನಾಯು ಕಡಿಮೆಯಾದರೆ ಅದೂ ಕಡಿಮೆ. ಜೊತೆಗೆ, ಕಷ್ಟದಲ್ಲಿರುವ ಸ್ನಾಯು ತಾನೇ ಆ ಬ್ರೇಕನ್ನು ಸಡಿಲಿಸಿಕೊಂಡಿರುತ್ತದೆ. ದೇಹ ತನ್ನ ಕೈಲಾದದ್ದನ್ನು ಆಗಲೇ ಮಾಡಿದೆ. ಅಂಥ ಮಗುವಿಗೆ ತಿಂಗಳಿಗೊಮ್ಮೆ ದುಬಾರಿ ಪ್ರತಿಕಾಯ ಚುಚ್ಚುವುದೆಂದರೆ ಬಿಟ್ಟಿರುವ ಬ್ರೇಕನ್ನೇ ಮತ್ತೆ ಬಿಡಿಸುವ ಕೆಲಸ. ಇಲಿಗಳು ಏಕೆ ಮೋಸ ಮಾಡಿದವು ಎಂಬುದಕ್ಕೂ ಅದೇ ವರ್ಷ ಒಂದು ಸುಳಿವು ಸಿಕ್ಕಿತು. ಇಲಿಯ ರಕ್ತದಲ್ಲಿ ಮಯೋಸ್ಟಾಟಿನ್ ಮನುಷ್ಯನದಕ್ಕಿಂತ ಹಲವು ಪಟ್ಟು ಹೆಚ್ಚು. ಕೋತಿ ಮತ್ತು ಮನುಷ್ಯರ ಕುಲದಲ್ಲಿ ಸ್ನಾಯುವನ್ನು ತಡೆಹಿಡಿಯುವ ಕೆಲಸದ ದೊಡ್ಡ ಪಾಲನ್ನು ಅದರ ದಾಯಾದಿಯಾದ ಆಕ್ಟಿವಿನ್ ಎ ಮಾಡುತ್ತದೆ. ಇಲಿಯಲ್ಲಿ ಹಿಡಿದ ಬ್ರೇಕು ಮನುಷ್ಯನ ಗಾಡಿಯಲ್ಲಿ ಮುಖ್ಯ ಬ್ರೇಕೇ ಆಗಿರಲಿಲ್ಲ.

ಇವೆಲ್ಲಕ್ಕಿಂತ ಮುಂಚಿನ ತೊಡಕು ಪೊರೆಯದು. ಪೊರೆ ಹರಿಯುವ ಸ್ನಾಯುವನ್ನು ದಪ್ಪ ಮಾಡಿದರೂ ಹರಿಯುವುದು ತಪ್ಪುವುದಿಲ್ಲ. ಗೋಣಿಚೀಲ ದೊಡ್ಡದಾದೀತು, ತೂತು ಇದ್ದಲ್ಲೇ ಇರುತ್ತದೆ.

ಈಗ ನಿಮ್ಮ ಪರೀಕ್ಷೆಯ ಪ್ರಶ್ನೆ. ಮಯೋಸ್ಟಾಟಿನ್ ರಕ್ತಪರೀಕ್ಷೆ ಸಂಶೋಧನೆಗೆ ಉಪಯುಕ್ತ. ನಿಮ್ಮ ಮಗನಿಗೆ ಮಾಡಿಸಿದರೆ ಅಂಕಿ ಕಡಿಮೆ ಬರುತ್ತದೆ, ನೋಡಿದವರು ‘ಒಳ್ಳೆಯದೇ ಆಯಿತಲ್ಲ’ ಎಂದಾರು, ಮತ್ತೆ ಸಿಕೆಯ ಹಾಗೆಯೇ ಉಲ್ಟಾ ಓದುತ್ತೀರಿ. ಮಾಡಿಸಬೇಡಿ. ಏಕೆ ಎಂದು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ.

ಮಯೋಸ್ಟಾಟಿನ್ ಹುಟ್ಟುವಾಗ 375 ಅಮೈನೋ ಆಮ್ಲಗಳ ಒಂದು ಉದ್ದನೆಯ ಸರ. ಮೊದಲು ಒಂದು ಕಿಣ್ವ ಅದನ್ನು ಎರಡು ತುಂಡು ಮಾಡುತ್ತದೆ. ತುಂಡಾದರೂ ಅವು ಬೇರೆಯಾಗುವುದಿಲ್ಲ. ದೊಡ್ಡ ತುಂಡು ಸಣ್ಣದನ್ನು ಮಗ್ಗುಲಲ್ಲಿ ಅವುಚಿಕೊಂಡೇ ಇರುತ್ತದೆ. ಇದು ನಿದ್ದೆಯ ಸ್ಥಿತಿ, ಇದರಿಂದ ಸ್ನಾಯುವಿಗೆ ಯಾವ ಸಂದೇಶವೂ ಹೋಗುವುದಿಲ್ಲ. ರಕ್ತದಲ್ಲಿ ಬಹಳಷ್ಟು ಹೀಗೆಯೇ ಸುತ್ತುತ್ತದೆ. ಇನ್ನೊಂದು ಕಿಣ್ವ ಬಂದು ಆ ದೊಡ್ಡ ತುಂಡನ್ನು ಕತ್ತರಿಸಿದಾಗ ಮಾತ್ರ ಸಣ್ಣದು ಬಿಡುಗಡೆಯಾಗಿ ಗ್ರಾಹಕಕ್ಕೆ ಹೋಗಿ ಕೂರುತ್ತದೆ. ದಾರಿಯಲ್ಲಿ ಫಾಲಿಸ್ಟಾಟಿನ್ ಎಂಬ ಪ್ರೋಟೀನು ಅದನ್ನು ಹಿಡಿದು ಹಾಕಲೂಬಹುದು. ಹಾಗಾದರೆ ‘ರಕ್ತದಲ್ಲಿ ಮಯೋಸ್ಟಾಟಿನ್ ಇಷ್ಟಿದೆ’ ಎಂಬ ವರದಿ ಯಾವುದರ ಲೆಕ್ಕ? ನಿದ್ದೆಯದೋ, ಎಚ್ಚರದ್ದೋ, ಬಂಧಿಯಾದದ್ದೋ? ಒಂದೊಂದು ಕಿಟ್ ಒಂದೊಂದನ್ನು ಹಿಡಿಯುತ್ತದೆ.

ಇದರಲ್ಲಿ ತಜ್ಞರೇ ಮುಗ್ಗರಿಸಿದ್ದಾರೆ. ಮಯೋಸ್ಟಾಟಿನ್‌ಗೆ ಜಿಡಿಎಫ್-11 ಎಂಬ ಒಡಹುಟ್ಟಿದ ಪ್ರೋಟೀನಿದೆ. ಎಚ್ಚರದ ರೂಪದಲ್ಲಿ ಇಬ್ಬರ ಅಕ್ಷರಗಳೂ ಸುಮಾರು 90 ಪ್ರತಿಶತ ಒಂದೇ. 2013ರಲ್ಲಿ ಹಾರ್ವರ್ಡ್‌ನ ವಿಜ್ಞಾನಿಗಳು, ವಯಸ್ಸಾದಂತೆ ಜಿಡಿಎಫ್-11 ಇಳಿಯುತ್ತದೆ, ಅದನ್ನು ಮರಳಿ ಕೊಟ್ಟರೆ ಮುದಿ ಇಲಿಯ ಹೃದಯ ಎಳೆಯದಾಗುತ್ತದೆ ಎಂದರು. ಪತ್ರಿಕೆಗಳಲ್ಲಿ ಯೌವನದ ಮದ್ದು ಎಂದೇ ಬಂತು. ಎರಡು ವರ್ಷದ ಮೇಲೆ ನೊವಾರ್ಟಿಸ್ ಕಂಪನಿಯ ಸಂಶೋಧಕರು ಆ ಅಳತೆಯ ಸಾಧನಗಳನ್ನೇ ಪರೀಕ್ಷಿಸಿ, ಇವು ಜಿಡಿಎಫ್-11 ಮತ್ತು ಮಯೋಸ್ಟಾಟಿನ್ ಎರಡನ್ನೂ ಗುರುತು ಹಿಡಿಯುತ್ತವೆ, ಬೇರ್ಪಡಿಸಲಾರವು ಎಂದು ತೋರಿಸಿದರು. ಆ ಜಗಳ ಬಹಳ ದಿನ ನಡೆಯಿತು. ಹಾರ್ವರ್ಡ್‌ನ ಪ್ರಯೋಗಾಲಯದಲ್ಲೇ ಅವಳಿಗಳ ಗುರುತು ತಪ್ಪಬಹುದಾದರೆ ಯಾವುದೋ ಲ್ಯಾಬಿನ ಒಂದು ಸಾಲಿನ ವರದಿಯನ್ನು ನಂಬಿ ಮಗುವಿನ ಔಷಧ ಬದಲಿಸುವುದು ಬೇಡ ಎಂಬುದು ನನ್ನ ಅಭಿಪ್ರಾಯ.

ಸೂಚಕವಾಗಿ ಅದಕ್ಕೆ ಬೆಲೆಯೇ ಇಲ್ಲವೆಂದು ತಿಳಿಯಬೇಡಿ. ಮಯೋಟ್ಯೂಬುಲಾರ್ ಮಯೋಪಥಿ ಎಂಬ ಅಪರೂಪದ ಸ್ನಾಯುರೋಗದ ಇಲಿಗಳಲ್ಲಿ ಮಯೋಸ್ಟಾಟಿನ್ ಬಹಳ ಕಡಿಮೆ ಇರುತ್ತದೆ, ರೋಗಕ್ಕೆ ಚಿಕಿತ್ಸೆ ಕೊಟ್ಟಾಗ ಏರುತ್ತದೆ. ಅಂದರೆ ಅಂಕಿ ಏರಿದ್ದು ಒಳ್ಳೆಯ ಸುದ್ದಿ, ಸ್ನಾಯು ಮತ್ತೆ ಓಲೆ ಬರೆಯುವಷ್ಟು ಚೇತರಿಸಿಕೊಂಡಿದೆ! ಮುಂದೆ ಜೀನ್ ಚಿಕಿತ್ಸೆಗಳ ಫಲ ಅಳೆಯಲು ಇಂಥ ಸೂಚಕ ಕೆಲಸಕ್ಕೆ ಬಂದೀತು. ಹೃದಯ ಸೋತ ಇಲಿಗಳಲ್ಲಿ ಕಥೆ ಮತ್ತೊಂದು ಬಗೆಯದು. ಅಲ್ಲಿ ಬಳಲಿದ ಹೃದಯವೇ ಮಯೋಸ್ಟಾಟಿನ್ ಸುರಿಸುತ್ತದೆ, ಅದು ಕೈಕಾಲಿನ ಸ್ನಾಯುವನ್ನು ಕರಗಿಸುತ್ತದೆ. ಹೃದಯದಲ್ಲಿ ಮಾತ್ರ ಆ ಜೀನನ್ನು ತೆಗೆದುಹಾಕಿದರೆ ಕೈಕಾಲು ಉಳಿಯುತ್ತವೆ. ಒಂದೇ ಪ್ರೋಟೀನು, ಒಂದು ರೋಗದಲ್ಲಿ ಕಡಿಮೆಯಾದರೆ ಕೆಟ್ಟದ್ದು, ಇನ್ನೊಂದರಲ್ಲಿ ಹೆಚ್ಚಾದರೆ ಕೆಟ್ಟದ್ದು. ಯಾರು ಕಳಿಸಿದ್ದು ಎಂದು ಗೊತ್ತಿಲ್ಲದೆ ಓಲೆ ಓದಬಾರದು.

ಹಾಗಾದರೆ ಮಯೋಸ್ಟಾಟಿನ್ ತಡೆಯುವ ಔಷಧ ಯಾವ ರೋಗಕ್ಕೂ ಆಗಿಬರಲಿಲ್ಲವೇ? ಒಂದು ಕಡೆ ಆಸೆ ಚಿಗುರಿದೆ. ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ, ಅಂದರೆ ಎಸ್‌ಎಂಎ. ಕೋಟಿಗಟ್ಟಲೆ ರೂಪಾಯಿ ಬೆಲೆಯ ಒಂದು ಚುಚ್ಚುಮದ್ದಿಗಾಗಿ ಮಕ್ಕಳ ತಂದೆತಾಯಿ ಸಾರ್ವಜನಿಕರ ಮುಂದೆ ಕೈಚಾಚಿದ ಸುದ್ದಿಗಳನ್ನು ನೀವೂ ಓದಿರುತ್ತೀರಿ, ಆ ರೋಗವೇ ಇದು. ಅದರಲ್ಲಿ ಸ್ನಾಯುವಿಗೆ ಅಪ್ಪಣೆ ಕೊಡುವ ನರಕೋಶ ಸಾಯುತ್ತದೆ, ಸ್ನಾಯುವಿನ ಪೊರೆಯಲ್ಲಿ ದೋಷವಿಲ್ಲ. ನರವನ್ನು ಉಳಿಸುವ ಔಷಧಗಳು ಬಂದ ಮೇಲೆ, ಉಳಿದ ನರದ ಕೈಕೆಳಗಿನ ಸ್ನಾಯುವನ್ನು ಬೆಳೆಸಿದರೆ ಹೇಗೆ ಎಂಬ ಪ್ರಶ್ನೆಗೆ ಅರ್ಥ ಬಂತು. ಅಪಿಟೆಗ್ರೊಮಾಬ್ ಎಂಬ ಪ್ರತಿಕಾಯ ನಾನು ಮೇಲೆ ಹೇಳಿದ ನಿದ್ದೆಯ ರೂಪಕ್ಕೇ ಅಂಟಿ, ಎರಡನೆಯ ಕತ್ತರಿ ಬೀಳದಂತೆ ತಡೆಯುತ್ತದೆ. ಎಚ್ಚರಗೊಂಡ ದಾಯಾದಿಗಳ ತಂಟೆಗೆ ಹೋಗುವುದಿಲ್ಲ, ಹಾಗಾಗಿ ಮೂಗಿನ ರಕ್ತಸ್ರಾವದಂಥ ಕಾಟದ ಭಯ ಕಡಿಮೆ. ನರದ ಔಷಧ ಪಡೆಯುತ್ತಿದ್ದ ಮಕ್ಕಳಿಗೆ ಇದನ್ನೂ ಸೇರಿಸಿ ಕೊಟ್ಟ ಮೂರನೆಯ ಹಂತದ ಪ್ರಯೋಗದ ಫಲಿತಾಂಶ 2024ರ ಅಕ್ಟೋಬರ್‌ನಲ್ಲಿ ಬಂತು. ಕುಳಿತುಕೊಳ್ಳುವುದು, ತೆವಳುವುದು, ನಿಲ್ಲುವುದು ಇವನ್ನೆಲ್ಲ ಲೆಕ್ಕ ಹಾಕುವ ಹ್ಯಾಮರ್‌ಸ್ಮಿತ್ ಮಾಪಕದಲ್ಲಿ ಒಂದು ವರ್ಷಕ್ಕೆ ಹುಸಿ ಔಷಧದವರಿಗಿಂತ ಸರಾಸರಿ 1.8 ಅಂಕ ಮುಂದಿದ್ದರು. 66 ಅಂಕಗಳ ಮಾಪಕದಲ್ಲಿ ಎರಡಕ್ಕೂ ಕಡಿಮೆ ಎಂದು ಮೂಗು ಮುರಿಯಬೇಡಿ. ವರ್ಷ ವರ್ಷ ಅಂಕ ಕಳೆದುಕೊಳ್ಳುವ ರೋಗದಲ್ಲಿ ಮುಂದೆ ಬಂದದ್ದು ಅದು.

ಈ ಔಷಧ ಪಡೆದವರ ರಕ್ತದಲ್ಲಿ ಮಯೋಸ್ಟಾಟಿನ್ ಅಳೆದರೆ ಅಂಕಿ ಇಳಿದಿರುವುದಿಲ್ಲ, ಹಲವು ಪಟ್ಟು ಏರಿರುತ್ತದೆ! ಪ್ರತಿಕಾಯ ಹಿಡಿದಿಟ್ಟ ನಿದ್ದೆಯ ರೂಪ ಕರಗದೆ ರಕ್ತದಲ್ಲೇ ಉಳಿಯುವುದರಿಂದ ಹಾಗೆ. ಔಷಧ ಗುರಿ ಮುಟ್ಟಿದೆ ಎಂಬುದಕ್ಕೆ ಸಂಶೋಧಕರು ಆ ಏರಿಕೆಯನ್ನೇ ಸಾಕ್ಷಿಯಾಗಿ ಇಟ್ಟುಕೊಳ್ಳುತ್ತಾರೆ. ಗೊತ್ತಿಲ್ಲದವರು ಆ ವರದಿ ಹಿಡಿದರೆ ಔಷಧ ಕೆಡಿಸಿತು ಎಂದೇ ಹೇಳುತ್ತಾರೆ. ಎಸ್‌ಎಂಎಯಲ್ಲೂ ಎಲ್ಲವೂ ಗೆದ್ದಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಅದೇ ಗುರಿಗೆ ಬೇರೆ ರೀತಿಯಲ್ಲಿ ಕೈಹಾಕಿದ ಟಾಲ್ಡೆಫ್‌ಗ್ರೊಬೆಪ್ ಎಂಬ ಔಷಧ 2024ರ ನವೆಂಬರ್‌ನಲ್ಲಿ ತನ್ನ ಮುಖ್ಯ ಅಳತೆಗೋಲಿನಲ್ಲಿ ಸೋತಿತು.

ಬೊಜ್ಜಿನ ಚಿಕಿತ್ಸೆಯಲ್ಲೂ ಈ ಪ್ರೋಟೀನಿನ ಹೆಸರು ಕೇಳಿಬರುತ್ತಿದೆ. ಸೆಮಾಗ್ಲುಟೈಡ್‌ನಂಥ ಚುಚ್ಚುಮದ್ದಿನಿಂದ ತೂಕ ಇಳಿಸುವವರಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಇಳಿಯುತ್ತದೆ, ಅದನ್ನು ಉಳಿಸಲು ಮಯೋಸ್ಟಾಟಿನ್ ದಾರಿಗೆ ಅಡ್ಡಗಟ್ಟುವ ಔಷಧಗಳನ್ನು ನೋಡುತ್ತಿದ್ದಾರೆ. ಬಿಮಾಗ್ರುಮಾಬ್ ಎಂಬುದು ಸ್ನಾಯುರೋಗವೊಂದರಲ್ಲಿ ಸೋತು, ಸಕ್ಕರೆ ಕಾಯಿಲೆಯ ದಪ್ಪ ಮೈಯವರಲ್ಲಿ 48 ವಾರಕ್ಕೆ ಕೊಬ್ಬನ್ನು ಸುಮಾರು ಐದನೆಯ ಒಂದು ಭಾಗದಷ್ಟು ಇಳಿಸಿ ಸ್ನಾಯುವನ್ನು ಸ್ವಲ್ಪ ಹೆಚ್ಚಿಸಿ ತೋರಿಸಿತು. ಅವರ ಸ್ನಾಯು ಆರೋಗ್ಯವಾದದ್ದು, ಬ್ರೇಕ್ ಇನ್ನೂ ಬಿಗಿಯಾಗಿಯೇ ಇದೆ, ಬಿಡಿಸಿದರೆ ಫಲ ಕಾಣುತ್ತದೆ. ನಿಮ್ಮ ತಮ್ಮನಿಗೂ ಇದೇ ಲೆಕ್ಕ ಅನ್ವಯಿಸುತ್ತದೆ ಎಂದು ಅವರು ವಾದಿಸಿದರೆ, ಇಂಥ ನಿಜವಾದ ತಡೆಗಳೆಲ್ಲ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷೇಧ ಪಟ್ಟಿಯಲ್ಲಿವೆ ಎಂದು ಹೇಳಿ. ಅವರ ಡಬ್ಬಿಯಲ್ಲಿರುವುದು ಆ ಪಟ್ಟಿಗೆ ಸೇರುವಷ್ಟು ಯೋಗ್ಯವಾದದ್ದೂ ಅಲ್ಲ.

ನಿಮ್ಮ ಮಗನ ಮಾತಿಗೆ ಹಿಂದಿರುಗುತ್ತೇನೆ. ಡುಶೆನ್‌ಗೆ ಇವತ್ತು ಮಯೋಸ್ಟಾಟಿನ್ ಔಷಧವಿಲ್ಲ. ಮುಂದೆ ಡಿಸ್ಟ್ರೋಫಿನ್ನನ್ನು ಮರಳಿ ಕೊಡುವ ಚಿಕಿತ್ಸೆ ಸರಿಯಾಗಿ ನೆಲೆ ನಿಂತ ಮೇಲೆ ಅದಕ್ಕೆ ಜೊತೆಯಾಗಿ ಮಯೋಸ್ಟಾಟಿನ್ ತಡೆ ಬಂದರೂ ಬರಬಹುದು. ಮೊದಲು ಚೀಲ ಹೊಲಿದು ಆಮೇಲೆ ತುಂಬಿಸಿದ ಹಾಗೆ. ಯಾರಾದರೂ ಪ್ರಯೋಗ ನಡೆಯುತ್ತಿದೆ ಬನ್ನಿ ಎಂದು ಕರೆದರೆ, ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಜಾಲತಾಣದಲ್ಲಿ ಅದರ ಸಂಖ್ಯೆ ಇದೆಯೇ ನೋಡಿ. ಪ್ರಯೋಗದ ಔಷಧಕ್ಕೆ ನಿಮ್ಮಿಂದ ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಸ್ಟೀರಾಯ್ಡ್ ಬಿಡಬೇಡಿ. ಈವರೆಗೆ ನಡಿಗೆಯನ್ನು ವರ್ಷಗಟ್ಟಲೆ ಉಳಿಸಿಕೊಟ್ಟದ್ದು ಆ ಹಳೆಯ ಮಾತ್ರೆಯೇ. ಮುಖ ದುಂಡಗಾಯಿತು ಎಂದೋ, ಊರಿಗೆ ಹೋಗುವಾಗ ಮರೆತೆವು ಎಂದೋ ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ತೂಕ ಹೆಚ್ಚಿದಂತೆ ಪ್ರಮಾಣವನ್ನು ವೈದ್ಯರಿಂದ ಮತ್ತೆ ಲೆಕ್ಕ ಹಾಕಿಸಿ. ಹೃದಯವೂ ಸ್ನಾಯುವೇ, ಅದರಲ್ಲೂ ಡಿಸ್ಟ್ರೋಫಿನ್ ಇಲ್ಲ. ವರ್ಷಕ್ಕೊಮ್ಮೆ ಎಕೋ ಆಗಲೇಬೇಕು, ಮತ್ತು ಎಕೋ ಚೆನ್ನಾಗಿದ್ದರೂ ಹತ್ತು ವರ್ಷದ ಹೊತ್ತಿಗೆ ಹೃದಯ ಕಾಯುವ ಮಾತ್ರೆ ಶುರು ಮಾಡುವುದು ಈಗಿನ ರೂಢಿ. ನಿಮ್ಮವನಿಗೆ ಒಂಬತ್ತು ತುಂಬಿದೆ, ಮುಂದಿನ ಭೇಟಿಯಲ್ಲಿ ನೀವೇ ಕೇಳಿ. ಹಲ್ಲು ಕೀಳಿಸಲಿ, ಮೂಳೆ ಮುರಿದಿರಲಿ, ಅರಿವಳಿಕೆ ಕೊಡುವ ಮುನ್ನ ಡುಶೆನ್ ಇದೆ ಎಂದು ಹೇಳಲೇಬೇಕು. ಸಕ್ಸಿನೈಲ್‌ಕೋಲಿನ್ ಎಂಬ ಚುಚ್ಚುಮದ್ದು ಮತ್ತು ಕೆಲವು ಅರಿವಳಿಕೆ ಅನಿಲಗಳು ಈ ಮಕ್ಕಳಿಗೆ ಮಾರಕವಾಗಬಹುದು. ಒಂದು ಚೀಟಿಯಲ್ಲಿ ಬರೆದು ಅವನ ಶಾಲೆಯ ಚೀಲದಲ್ಲೂ ಇಡಿ. ಜೀನ್ ದೋಷ ತಾಯಿಯಿಂದ ಬಂದಿದೆಯೇ ಎಂಬ ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ. ಅದು ಯಾರ ತಪ್ಪು ಎಂದು ತೀರ್ಮಾನಿಸಲು ಅಲ್ಲ. ನಿಮ್ಮ ಮನೆಯವರ ಅಕ್ಕತಂಗಿಯರಿಗೆ ಮುಂದೆ ಮಗುವಾಗುವುದಿದ್ದರೆ ಅವರಿಗೆ ಬೇಕಾದ ಮಾಹಿತಿ ಅದು. ವಾಹಕಿಯಾಗಿದ್ದರೆ ತಾಯಿಯ ಹೃದಯವನ್ನೂ ಆಗಾಗ ನೋಡಬೇಕಾಗುತ್ತದೆ. ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ ಡುಶೆನ್ ಕೂಡ ಸೇರಿದೆ. ಬೆಂಗಳೂರಿನಲ್ಲಿ ಆ ನೀತಿಯಡಿಯ ಉತ್ಕೃಷ್ಟತಾ ಕೇಂದ್ರವಿದೆ, ನಿಮ್ಹಾನ್ಸ್‌ನಲ್ಲಿ ಸ್ನಾಯುರೋಗಗಳಿಗೆಂದೇ ಚಿಕಿತ್ಸಾಲಯವಿದೆ. ಹಾಸನದಿಂದ ಬೆಳಗಿನ ಬಸ್ಸೋ ರೈಲೋ ಹಿಡಿದರೆ ತಲುಪುವ ದೂರ.

ಅಂಕಿ ಬೇಕೇ ಬೇಕು ಎನಿಸಿದರೆ, ನೀವು ಮೇಷ್ಟ್ರು, ನಿಮಗದು ಸಹಜವೇ, ಮನೆಯಲ್ಲೇ ಒಂದನ್ನು ಇಟ್ಟುಕೊಳ್ಳಿ. ಮೂರು ತಿಂಗಳಿಗೊಮ್ಮೆ, ಬೆಳಿಗ್ಗೆ ತಿಂಡಿಯಾದ ಮೇಲೆ, ಒಂದೇ ಜಾಗದಲ್ಲಿ ಮಗನನ್ನು ನೆಲದ ಮೇಲೆ ಅಂಗಾತ ಮಲಗಿಸಿ, ‘ಏಳು’ ಎಂದು ಹೇಳಿ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ. ನೆಟ್ಟಗೆ ನಿಂತಾಗ ನಿಲ್ಲಿಸಿ. ಎಷ್ಟು ಸೆಕೆಂಡು, ಕೈ ಎಲ್ಲೆಲ್ಲಿ ಊರಿದ, ಆ ವಾರ ಜ್ವರ ಇತ್ತೇ ಎಂದು ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆಯಿರಿ. ಅವನಿಗೆ ಬೇಸರವಾದ ದಿನ ಬಿಟ್ಟುಬಿಡಿ, ಅದನ್ನು ಪರೀಕ್ಷೆಯ ಹಾಗೆ ಮಾಡಬೇಡಿ. ದೊಡ್ಡ ಕಂಪನಿಗಳ ಪ್ರಯೋಗಗಳಲ್ಲೂ ಅಳೆಯುವ ಸಂಗತಿಗಳಲ್ಲಿ ಇದೊಂದು. ವೈದ್ಯರನ್ನು ನೋಡಲು ಹೋಗುವಾಗ ಸಿಕೆ ವರದಿ ಮರೆತರೂ ಪರವಾಗಿಲ್ಲ, ಆ ನೋಟ್‌ಬುಕ್ ಜೊತೆಗಿರಲಿ.